ಒಂದು ಸಾಲಿಗೆ ದಕ್ಕುವ ದೇಶದ ಬಿಸಿಲು

ಏಪ್ರಿಲ್ ಬಂತೆಂದರೆ ಬೆಳಗಾವಿ ಕಡೆಯ ಚಚಡಿ ಊರಿನ ಎರಿ ಹೊಲಗಳು ಬಿರಿದು ಬಾಯಿ ಬಿಡುತ್ತವೆ. ಕಟ್ಟೆಯ ಮೇಲೆ ಕುಂತವರ ಮಾತೆಲ್ಲ ಬಿಸಿಲಿನದೇ. ಹೋದ ವರ್ಷಕ್ಕಿಂತ ಈ ವರ್ಷ ಜಾಸ್ತಿಯೇ, ಕಡಿಮೆಯೇ ಎಂಬ ವಾದಕ್ಕೆ ಇಡೀ ದೇಶದ ಲೆಕ್ಕ ಬೇಕೆಂದರೆ ಈಗ ಕೈಯಲ್ಲಿರುವ ಮೊಬೈಲೇ ಸಾಕು. ವಿಶ್ವಬ್ಯಾಂಕಿನ ಹವಾಮಾನ ಪೋರ್ಟಲ್ಲಿಗೆ ಒಂದು ಎಪಿಐ ಇದೆ. ಊರಿನ ಕಚೇರಿಯ ಕಿಟಕಿಯಲ್ಲಿ ಸರ್ವೆ ನಂಬರ್ ಹೇಳಿದರೆ ಉತಾರ ಕೈಗೆ ಬರುವಂತೆ, ಇಲ್ಲಿ ದೇಶದ ಮೂರಕ್ಷರ ‘ಐಎನ್‌ಡಿ’, ಉಷ್ಣಾಂಶದ ಸಂಕೇತ ‘ಟಿಎಎಸ್’ ಮತ್ತು ಅವಧಿಯನ್ನು ಸೇರಿಸಿ ಒಂದು ಸಾಲಿನ ವಿಳಾಸ ಬರೆಯಬೇಕು. 1901ರಿಂದ ಈಚೆಗೆ ಭಾರತದ ಸರಾಸರಿ ಉಷ್ಣಾಂಶ ವರ್ಷವಾರು ಬಂದು ನಿಲ್ಲುತ್ತದೆ.

ಬಂದ ಅಂಕಿ ನೋಡಿ ನಮ್ಮ ಕಡೆಯವರು ಹುಬ್ಬೇರಿಸುವುದು ಸಹಜ. 24–25 ಡಿಗ್ರಿಯ ಆಸುಪಾಸು! ಲಡಾಖಿನ ಹಿಮ, ಬಾಡಮೇರದ ಮರಳು, ಜನವರಿಯ ರಾತ್ರಿ, ಮೇ ತಿಂಗಳ ಮಧ್ಯಾಹ್ನ ಎಲ್ಲವೂ ಅದರಲ್ಲಿ ಕೂಡಿವೆ. ಹೀಗಾಗಿ ಇಲ್ಲಿ ಅರ್ಧ ಡಿಗ್ರಿ ಏರುವುದೂ ದೊಡ್ಡ ಸುದ್ದಿ. 2024ರಲ್ಲಿ ದೇಶದ ಸರಾಸರಿ ಉಷ್ಣಾಂಶ 1991–2020ರ ಸರಾಸರಿಗಿಂತ 0.65 ಡಿಗ್ರಿ ಹೆಚ್ಚಿತ್ತು. 1901ರಿಂದೀಚೆಗೆ ಅಷ್ಟು ಬಿಸಿಯಾದ ವರ್ಷ ಇನ್ನೊಂದಿಲ್ಲ ಎಂದು ಭಾರತೀಯ ಹವಾಮಾನ ಇಲಾಖೆ ಹೇಳಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಅಂಕಿಗಳ ತವರು, ಒಂದು ಬಿಳಿ ಮರದ ಪೆಟ್ಟಿಗೆ. ಸ್ಟೀವನ್‌ಸನ್ ಪೆಟ್ಟಿಗೆ ಎಂದು ಅದರ ಹೆಸರು. ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿ, ಗಾಳಿಯಾಡುವ ಓರೆ ಪಟ್ಟಿಗಳ ಗೋಡೆಯೊಳಗೆ ನಾಲ್ಕು ಉಷ್ಣಮಾಪಕಗಳು ಇರುತ್ತವೆ. ಒಂದು ಆ ಹೊತ್ತಿನ ಉಷ್ಣಾಂಶಕ್ಕೆ. ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ, ಅದು ತೇವಾಂಶಕ್ಕೆ. ಉಳಿದೆರಡು ಗರಿಷ್ಠ, ಕನಿಷ್ಠಗಳನ್ನು ಹಿಡಿದಿಡುತ್ತವೆ. ಬಾಗಿಲು ಬಡಗು ದಿಕ್ಕಿಗೆ. ತೆರೆದಾಗ ಬಿಸಿಲು ಪಾದರಸಕ್ಕೆ ತಾಗಬಾರದು. ಬೆಳಿಗ್ಗೆ ಎಂಟೂವರೆಗೆ ವೀಕ್ಷಕರು ಬಾಗಿಲು ತೆಗೆದು, ಕಣ್ಣನ್ನು ಪಾದರಸದ ಮಟ್ಟಕ್ಕೆ ತಂದು, ತಮ್ಮ ಉಸಿರಿನ ಬಿಸಿ ತಾಗುವ ಮೊದಲೇ ಓದಿ ಬರೆದುಕೊಳ್ಳಬೇಕು. ಹಬ್ಬವಿರಲಿ, ಮಳೆಯಿರಲಿ, ಇದು ತಪ್ಪುವಂತಿಲ್ಲ. 1875ರಲ್ಲಿ ಇಲಾಖೆ ಹುಟ್ಟಿದ ಮೇಲೆ ಹೀಗೆ ಬಾಗಿಲು ತೆಗೆದವರ ಹೆಸರು ಯಾವ ಎಪಿಐಯಲ್ಲೂ ಬರುವುದಿಲ್ಲ. ಬರುವುದು ಅವರು ಬರೆದ ಅಂಕಿ ಮಾತ್ರ.

ಈ ಉಪಕರಣಗಳ ಹಿಂದೆ ನೆನೆಯಬೇಕಾದ ಒಬ್ಬ ಹೆಣ್ಣುಮಗಳಿದ್ದಾರೆ, ಅಣ್ಣಾ ಮಣಿ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದವರು. 1948ರಲ್ಲಿ ಹವಾಮಾನ ಇಲಾಖೆ ಸೇರಿ, ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಪುಣೆಯಲ್ಲೇ ಮಾಡಿಸಲು ದುಡಿದರು. ಸುಮಾರು 100 ಉಪಕರಣಗಳ ನಕ್ಷೆಗಳನ್ನು ಒಂದೇ ಅಳತೆಗೆ ತಂದರು. ಬೆಳಗಾವಿಯ ಅಂಕಿಯನ್ನೂ ಗದಗದ ಅಂಕಿಯನ್ನೂ ಅಕ್ಕಪಕ್ಕ ಇಟ್ಟು ನೋಡಬಹುದೆಂಬ ನಂಬಿಕೆಗೆ ಇಂಥ ದುಡಿಮೆಯೇ ಆಧಾರ.

ಪೆಟ್ಟಿಗೆಯಿಂದ ಸರಾಸರಿಯವರೆಗಿನ ದಾರಿಯಲ್ಲಿ ದೇಶವನ್ನು ಚೌಕಗಳಾಗಿ ಕತ್ತರಿಸುತ್ತಾರೆ. ಇಲಾಖೆ ಉಚಿತವಾಗಿ ಕೊಡುವ, 1951ರಿಂದೀಚಿನ ಉಷ್ಣಾಂಶದ ಕಡತದಲ್ಲಿ ಒಂದು ಚೌಕದ ಬದಿ ಎಂದರೆ ಅಕ್ಷಾಂಶ–ರೇಖಾಂಶದ ಒಂದು ಡಿಗ್ರಿ, ಸುಮಾರು 110 ಕಿಲೋಮೀಟರ್. ನಮ್ಮ ಕಡೆಯ ಚೌಕದಲ್ಲಿ ಬೈಲಹೊಂಗಲದ ಎರಿ ಹೊಲ, ಕಿತ್ತೂರಿನ ಕೋಟೆ, ಖಾನಾಪುರ ಮತ್ತು ದಾಂಡೇಲಿಯ ಕಾಡು ಎಲ್ಲಕ್ಕೂ ಸೇರಿ ದಿನಕ್ಕೆ ಒಂದೇ ಗರಿಷ್ಠ, ಒಂದೇ ಕನಿಷ್ಠ. ಜೋಳ ಬೆಳೆಯುವವನ ಬಿಸಿಲು ಕಾಡಿನ ತಂಪಿನಲ್ಲಿ ಕರಗಿ ಹೋಗುತ್ತದೆ.

ಆ ಕೊರತೆ ನೀಗುವ ಯಂತ್ರಗಳು ಕರ್ನಾಟಕದಲ್ಲಿವೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿಗಳಲ್ಲಿ ಮಳೆಮಾಪಕ, ಹೋಬಳಿಗಳಲ್ಲಿ ಹವಾಮಾನ ಯಂತ್ರ ನೆಟ್ಟಿದೆ. 15 ನಿಮಿಷಕ್ಕೊಮ್ಮೆ ಅಂಕಿ ಬೆಂಗಳೂರಿಗೆ ಹೋಗುತ್ತದೆ. ಅವು ವರ್ಷಗಳ ಸಾಲಾಗಿ, ಭಾರತದ ಸರಾಸರಿ ಸಿಗುವಷ್ಟೇ ಸಲೀಸಾಗಿ, ಹೋಬಳಿಯ ಹೆಸರಿಟ್ಟು ಕೇಳಿದರೆ ಬರುವಂತಾಗಬೇಕು. ಶಾಲೆಯ ಹುಡುಗಿಯೊಬ್ಬಳು ತನ್ನ ಊರಿನ ಬೇಸಿಗೆಯ ಗೆರೆಯನ್ನು ತಾನೇ ಎಳೆಯಲಿ.

ಹಾಗಾದರೂ ಆ ಗೆರೆ ಬಹಳ ಹಿಂದಕ್ಕೆ ಹೋಗದು. 1972ರ ಬರದಲ್ಲಿ ದೇಶದ ಸರಾಸರಿ ಎಷ್ಟಿತ್ತೆಂದು ಎಪಿಐ ಹೇಳುತ್ತದೆ. ಆ ವರ್ಷ ಚಚಡಿಯ ಬಿಸಿಲು ಎಷ್ಟಿತ್ತೆಂದು ಕೇಳಲು ಉಳಿದಿರುವವರು ಎಂಬತ್ತು ದಾಟಿದ ಹಿರಿಯರು.