ಬಸ್ಸಿನ ಹಣೆಯ ಮೇಲಿನ ದಪ್ಪ ಅಕ್ಷರ

ಚಿತ್ರದುರ್ಗದ ಬಸ್ ನಿಲ್ದಾಣ. ಬಸ್ಸು ಒಳಗೆ ತಿರುಗ್ತಾ ಇದೆ. ಅದರ ಹಣೆ ಮೇಲೆ ಬೋರ್ಡು. ಓದೋಕೆ ಸಿಗೋದು ನಾಲ್ಕೈದು ಕ್ಷಣ ಮಾತ್ರ. ಹೊಳಲ್ಕೆರೆಗೆ ಹೋಗಬೇಕಾದವರು ಹಿರಿಯೂರಿನ ಬಸ್ ಹತ್ತಿದರೆ ಏನು ಗತಿ? ಅದು ಒಂದು ದಿಕ್ಕು, ಇದು ಇನ್ನೊಂದು ದಿಕ್ಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಉಳೀತು, ನಿಜ. ಆದರೆ ಕಳೆದ ದಿನದ ಕೂಲಿ ಯಾರು ಕೊಡ್ತಾರೆ? ಅದಕ್ಕೇ ಬೋರ್ಡಿನ ಅಕ್ಷರ ದಪ್ಪವಾಗಿ, ಬಿಡಿಬಿಡಿಯಾಗಿ ಇರಬೇಕು.

ಹಲವು ಪುಸ್ತಕಗಳ ಅಕ್ಷರದಲ್ಲಿ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಹತ್ತಿರ ಹಿಡಿದು ಓದೋಕೆ ಅದು ಚೆನ್ನ. ದೂರದಿಂದ ನೋಡಿದರೆ ಸಣ್ಣ ಗೆರೆ ಕಾಣೋದೇ ಇಲ್ಲ. ಬೋರ್ಡಿಗೆ ಎಲ್ಲಾ ಕಡೆ ಒಂದೇ ದಪ್ಪದ ಗೆರೆ ಬೇಕು. ದುಂಡು ಅಂದರೆ ಬಳೆಯಂತೆ ದುಂಡು, ನೇರ ಅಂದರೆ ಕೋಲಿನಂತೆ ನೇರ. 1927ರಲ್ಲಿ ಜರ್ಮನಿಯ ಪೌಲ್ ರೆನ್ನರ್ ಎಂಬುವರು ಇಂಗ್ಲಿಷ್ ಅಕ್ಷರಗಳನ್ನು ಹೀಗೇ ಮಾಡಿದರು. ಅದರ ಹೆಸರು ಫ್ಯೂಚುರಾ. 1969ರಲ್ಲಿ ಚಂದ್ರನ ಮೇಲೆ ಬಿಟ್ಟು ಬಂದ ಫಲಕದಲ್ಲೂ ಇದೇ ಅಕ್ಷರ.

ಅವರಿಗೆ ಕೆಲಸ ಸುಲಭ. ಇಂಗ್ಲಿಷ್ ಅಕ್ಷರದ ತುದಿಯಲ್ಲಿ ಪುಟ್ಟ ಪಾದ ಇರ್ತದೆ. ಅದನ್ನು ಕತ್ತರಿಸಿದರೂ ಅಕ್ಷರ ಅದೇ. ನಮ್ಮ ತಲೆಕಟ್ಟು ಹಾಗಲ್ಲ. ತಲೆಕಟ್ಟು ತೆಗೆದು ಗುಡಿಸು ಕೊಟ್ಟರೆ 'ಹ' ಹೋಗಿ 'ಹಿ' ಆಗ್ತದೆ! ಇನ್ನು ಒತ್ತಕ್ಷರ. 'ಹೊಳಲ್ಕೆರೆ' ಬರೆದು ನೋಡಿ. ಲ ಕೆಳಗೆ ಕ ಒತ್ತು ಇಳೀತದೆ. ಹಲಗೆಯ ಎತ್ತರ ಕಡಿಮೆ ಇದ್ದರೆ ಬರೆಯೋರು ಒತ್ತನ್ನು ಹಿಂಡಿ ಬಿಡ್ತಾರೆ. ಗೆರೆ ತೀರಾ ದಪ್ಪ ಮಾಡಿದರೆ ಒಳಗಿನ ಬಿಳಿ ಜಾಗ ಮುಚ್ಚಿ ಹೋಗ್ತದೆ. ಆಗ 'ದ' ಯಾವುದು, 'ಥ' ಯಾವುದು? ನನ್ನ ಕೇಳಿದರೆ, ಬಣ್ಣ ಹಚ್ಚಿದ ಜಾಗದಷ್ಟೇ ಬಿಟ್ಟ ಜಾಗವೂ ಮುಖ್ಯ.

ಈಗ ಕಂಪ್ಯೂಟರಿಗೂ ಇಂಥ ದಪ್ಪ ಕನ್ನಡ ಅಕ್ಷರಗಳಿವೆ. ಒಂದರ ಹೆಸರು 'ಬಾಲೂ ತಮ್ಮ'. ಮಾಡಿದ್ದು ಏಕ್ ಟೈಪ್ ಎಂಬ ತಂಡ. ಯಾರು ಬೇಕಾದರೂ ದುಡ್ಡಿಲ್ಲದೆ ಬಳಸಬಹುದು.

ಒಂದೇ ದಪ್ಪದ ಗೆರೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಬಂಡೆ ಶಾಸನ ಇದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬ್ರಾಹ್ಮಿಯಲ್ಲಿ 'ಕ' ಅಂದರೆ ಕೂಡಿಸುವ ಲೆಕ್ಕದ ಗುರುತು. 'ಠ' ಅಂದರೆ ಬರೀ ಸೊನ್ನೆ. ಇವತ್ತಿನ ನಮ್ಮ 'ಠ' ಒಳಗೂ ಆ ಸೊನ್ನೆ ಕೂತಿದೆ, ನೋಡಿ.

ಸರಿ, ನಿಲ್ದಾಣಕ್ಕೆ ಬನ್ನಿ. ಹೆಸರಿನ ಮೊದಲು ಗುಡಿಸು ಕೊಟ್ಟ 'ಹಿ' ಕಂಡರೆ ಹಿರಿಯೂರು. 'ಹೊ' ಕಂಡರೆ ಆತುರ ಬೇಡ, ಅದು ಎರಡು ಊರಿಗೂ ಇದೆ. ಕೊನೆ ನೋಡಿ. 'ದುರ್ಗ' ಇದ್ದರೆ ಹೊಸದುರ್ಗ. 'ಕೆರೆ' ಇದ್ದರೆ ಹೊಳಲ್ಕೆರೆ. ಬರೀ 'ದುರ್ಗ' ನೋಡಿ ಹತ್ತಬೇಡಿ, ಚಿತ್ರದುರ್ಗದ ಕೊನೆಯೂ ಅದೇ. ಕೆಲವು ಬಸ್ಸಿನಲ್ಲಿ ಈಗ ದೀಪದ ಚುಕ್ಕಿಗಳ ಬೋರ್ಡು. ಅದರಲ್ಲಿ ಹೆಸರು ಓಡ್ತಾ ಇರ್ತದೆ. ಒಂದು ಸುತ್ತು ಪೂರ್ತಿ ಓಡಲಿ, ಆಮೇಲೆ ಹತ್ತಿ.