ಮಣ್ಣಿನ ಗೋಡೆ, ಭಾರ ಹೊರದ ಕಂಬ

ಬನಶಂಕರಿ ಎರಡನೇ ಹಂತದ ಆ ಅಡ್ಡರಸ್ತೆಯಲ್ಲಿ ಎರಡು ಸಲ ಓಡಾಡಿದರೂ ಮನೆ ಕಣ್ಣಿಗೆ ಬೀಳಲಿಲ್ಲ. ಎಡಬಲಕ್ಕೆ ನಾಲ್ಕಂತಸ್ತಿನ ಕಟ್ಟಡಗಳು, ನಡುವೆ ಹೊಂಗೆ ಮರದ ಮರೆಯಲ್ಲಿ ಇದು. ಹಳೆಯ ಕಸುಬನ್ನು ಹೊಸ ವಿನ್ಯಾಸಕ್ಕೆ ಬೆಸೆಯುವ ಆರ್ಕಿಟೆಕ್ಟ್ ಒಬ್ಬರ ಕೆಲಸ ಎಂದು ಕೇಳಿ ಹೋಗಿದ್ದೆ. ಅಂಥ ಮಾತು ಕೇಳಿದಾಗಲೆಲ್ಲ ನನಗೆ ಹೋಟೆಲ್ ಬಾಗಿಲಲ್ಲಿ ಶೋಕಿಗೆ ನಿಲ್ಲಿಸಿದ ಎತ್ತಿನಗಾಡಿ ನೆನಪಾಗುತ್ತದೆ.

ಕಾಂಪೌಂಡ್ ಗೋಡೆಯ ಹತ್ತಿರವೇ ಕಾಲು ನಿಂತಿತು. ಒಡೆದ ಮಂಗಳೂರು ಹೆಂಚುಗಳನ್ನು ಅಡ್ಡಡ್ಡ ಪೇರಿಸಿ, ಅಂಚು ಮಾತ್ರ ಕಾಣುವಂತೆ ಗಾರೆಯಲ್ಲಿ ಕೂರಿಸಿದ್ದಾರೆ. ಮೇಲಿನ ಸಾಲಿನ ಹೆಂಚೊಂದರ ಮೇಲೆ ಕಾರ್ಖಾನೆಯ ಅಚ್ಚು ಅರ್ಧ ಉಳಿದಿತ್ತು. ಬೆರಳಾಡಿಸಿದರೂ ಓದಲು ಬರಲಿಲ್ಲ. ಚೀನಾದ ನಿಂಗ್ಬೋ ನಗರದಲ್ಲಿ 2008ರಲ್ಲಿ ಮುಗಿದ ಮ್ಯೂಸಿಯಂ ಒಂದಿದೆ. ಅದರ ಗೋಡೆಯೂ ಕೆಡವಿದ ಹಳ್ಳಿಗಳ ಹೆಂಚು, ಇಟ್ಟಿಗೆಗಳದ್ದೇ. ಬಿರುಗಾಳಿಗೆ ಮನೆ ಬಿದ್ದರೆ ಸಿಕ್ಕ ಚೂರುಗಳಲ್ಲೇ ಬೇಗ ಗೋಡೆ ಎಬ್ಬಿಸುವುದು ಅಲ್ಲಿನವರ ಹಳೆಯ ಪದ್ಧತಿ. ಅದಕ್ಕೆ ಕಾಂಕ್ರೀಟಿನ ಜೊತೆ ಕೊಟ್ಟ ಆರ್ಕಿಟೆಕ್ಟಿಗೆ 2012ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು. ನಮ್ಮಲ್ಲಿ ಬಿರುಗಾಳಿ ಇಲ್ಲ. ಜಯನಗರ, ಬನಶಂಕರಿಯ ಹಳೆ ಮನೆಗಳಿಗೆ ಜೆಸಿಬಿಯೇ ಸಾಕು.

ಗೇಟು ದಾಟಿ ನಾಲ್ಕು ಹೆಜ್ಜೆಗೆ ಜಗಲಿ. ಸಾದರಹಳ್ಳಿ ಕಲ್ಲಿನ ಚಪ್ಪಡಿ, ಉಳಿಯ ಪೆಟ್ಟು ಹಾಗೇ ಬಿಟ್ಟಿದ್ದಾರೆ. ಚಪ್ಪಲಿ ಕಳಚಿ ಗೋಡೆಗೆ ಕೈಯಿಟ್ಟೆ. ಸುಣ್ಣವಿಲ್ಲ, ಬಣ್ಣವಿಲ್ಲ, ಬರೀ ಮಣ್ಣಿನ ಇಟ್ಟಿಗೆ. ಪಾಯ ತೋಡಿದಾಗ ಬಂದ ಮಣ್ಣಿಗೇ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದರೆ ಸರಿ, ಗೂಡಿನಲ್ಲಿ ಸುಡುವ ಕೆಲಸವಿಲ್ಲ. ಕೆಳಗಿನ ಸಾಲುಗಳು ಕಡುಗೆಂಪು, ಮೇಲಿನವು ತುಸು ಹಳದಿ. ಮಣ್ಣು ಬೇರೆ ಬೇರೆ ಆಳದಿಂದ ಬಂದಿರಬೇಕು ಎಂದುಕೊಂಡೆ. ಬಿಸಿಲಿಗೆ ಮಾಸಿದ್ದೂ ಇರಬಹುದು.

ಒಳಗೆ ಕಾಲಿಟ್ಟರೆ ಕೆಂಪು ಆಕ್ಸೈಡ್ ನೆಲ. ನನ್ನ ವಯಸ್ಸಿನವರಿಗೆ ಇದು ಅಜ್ಜಿಮನೆಯ ನೆಲ: ಮಧ್ಯಾಹ್ನ ಚಾಪೆಯೂ ಬೇಡದೆ ಮಲಗುತ್ತಿದ್ದ ಜಾಗ. ಸಿಮೆಂಟಿಗೆ ಪುಡಿ ಬೆರೆಸಿ, ಹಸಿ ಆರುವ ಮುಂಚೆ ಕರಣೆಯಲ್ಲಿ ಉಜ್ಜಿ ಉಜ್ಜಿ ಹೊಳಪು ತರಬೇಕು. ಒಂದು ಕೋಣೆ ಒಂದೇ ಬೀಸಿಗೆ ಮುಗಿಯಬೇಕು. ನಡುವೆ ಊಟಕ್ಕೆ ಎದ್ದರೆ ಗೆರೆ ಉಳಿಯುತ್ತದೆ. ಬಾಗಿದೆ, ನೋಡಿದೆ. ಊಟದ ಮೇಜಿನ ಕೆಳಗೆ ಅಂಥದೊಂದು ಗೆರೆ ಇತ್ತು. ಯಾರೋ ಎದ್ದಿದ್ದಾರೆ! ಗೋಡೆಯಂಚಿನಲ್ಲಿ ಕೂದಲೆಳೆಯ ಬಿರುಕೂ ಇತ್ತು. ಈ ನೆಲ ಒಪ್ಪಿಕೊಂಡವರು ಬಿರುಕನ್ನೂ ಒಪ್ಪಿಕೊಳ್ಳಬೇಕು.

ಮನೆಯ ನಡುವೆ ತೊಟ್ಟಿ. ಇಲ್ಲಿ ನನ್ನ ಉತ್ಸಾಹ ಸ್ವಲ್ಪ ಇಳಿಯಿತು. ತೊಟ್ಟಿಯ ಮೇಲೆ ಗಾಜು ಹಾಕಿಬಿಟ್ಟಿದ್ದಾರೆ. ಬೆಳಕು ಬರುತ್ತದೆ, ಮಳೆ ಬರುವುದಿಲ್ಲ. ಸೊಳ್ಳೆ, ಕಳ್ಳರ ಲೆಕ್ಕ ಹಾಕಿದರೆ ತಪ್ಪೆನ್ನಲು ಬಾಯಿ ಬಾರದು. ಸುತ್ತ ನಾಲ್ಕು ಮರದ ಕಂಬ, ಎಲ್ಲೋ ಬಿಚ್ಚಿದ ಹಳೆ ಮನೆಯವು. ತೇಗವೋ ಹಲಸೋ ನನಗೆ ಗೊತ್ತಾಗಲಿಲ್ಲ. ಬೋದಿಗೆಯಲ್ಲಿ ಚೆಂದದ ಬಾಳೆಮೊಗ್ಗಿನ ಕೆತ್ತನೆ. ಕತ್ತೆತ್ತಿದೆ: ಬೋದಿಗೆಗೂ ಕಾಂಕ್ರೀಟ್ ತೊಲೆಗೂ ನಡುವೆ ಒಂದು ಬೆರಳು ಸಂದು! ಕಂಬ ಏನನ್ನೂ ಹೊತ್ತಿಲ್ಲ. ಎತ್ತಿನಗಾಡಿ ಇಲ್ಲಿ ಸಿಕ್ಕಿತು.

ಮಹಡಿ ಮೆಟ್ಟಿಲು ಹತ್ತುವಾಗ ಈ ಬೇಸರ ಕಳೆಯಿತು. ಮೇಲಿನ ಕೋಣೆಯ ಸೂರಿನಲ್ಲಿ ಹೆಂಚುಗಳು ಚೌಕಚೌಕವಾಗಿ ಕೆಳಮುಖ ಮಾಡಿ ಕೂತಿವೆ. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಂಬಿ. ಅಲ್ಲಿ ತುಂಬಿದ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಆ ಜಾಗವನ್ನು ಹೆಂಚು ತುಂಬುತ್ತದೆ. ಕಾಂಕ್ರೀಟ್ ಉಳಿತಾಯ, ಭಾರ ಕಡಿಮೆ, ಒಳಗಿನ ಗಾಳಿಪದರಕ್ಕೆ ಬಿಸಿಲೂ ತುಸು ಕಡಿಮೆ. ಹೊರಗೆ ಮಧ್ಯಾಹ್ನದ ಬಿಸಿಲಿದ್ದರೂ ನಾನಿದ್ದಷ್ಟು ಹೊತ್ತು ಫ್ಯಾನ್ ನೆನಪಾಗಲಿಲ್ಲ. ಅದು ಸೂರಿನ ಗುಣವೋ ಹೊಂಗೆ ಮರದ್ದೋ, ಬಿಡಿಸಿ ಹೇಳಲಾರೆ.

ಇಳಿಯುತ್ತಾ ಒಂದು ಕಂಬವನ್ನು ಮತ್ತೆ ತಟ್ಟಿ ನೋಡಿದೆ. ಗಟ್ಟಿ ಮರ, ಹೊರಿಸಿದ್ದರೆ ಇನ್ನೂ ಹೊರುತ್ತಿತ್ತು. ಆ ನಾಲ್ಕನ್ನು ಬಿಟ್ಟರೆ, ಮನೆ ನನಗೆ ಒಪ್ಪಿಗೆ.