ಮೋಟಾರು ಕಾರಿಗೆ ಅನ್ಯಚಕ್ರಗಳ ಜೋಡಣೆ

ರಥದ ಗಾಲಿಯ ಒಂದೊಂದು ಅಂಗಕ್ಕೂ ಪ್ರಾಚೀನರು ಪ್ರತ್ಯೇಕವಾದ ಹೆಸರನ್ನಿಟ್ಟಿದ್ದರು. ನಡುಭಾಗವು ನಾಭಿ, ಅಲ್ಲಿಂದ ಹೊರಟ ಕಡ್ಡಿಗಳು ಅರ, ಹೊರಸುತ್ತು ನೇಮಿ, ಅಚ್ಚಿನ ತುದಿಯಿಂದ ಗಾಲಿ ಕಳಚದಂತೆ ತಡೆಯುವ ಕೀಲು ಅಣಿ. ಕನ್ನಡದ ಬಂಡಿಕಾರನು ಈ ಕೊನೆಯದನ್ನು ಕಡಾಣಿಯೆಂದೂ ಕಡೆಗೀಲೆಂದೂ ಕರೆದನು. ಇಂದಿನ ಮೋಟಾರು ಕಾರಿನಲ್ಲಿ ಕಡಾಣಿಯ ಸ್ಥಾನಕ್ಕೆ ನಾಲ್ಕೈದು ನಟ್ಟುಗಳು ಬಂದಿವೆ. ಕುಟುಂಬವೊಂದು ಮದುವೆಗೋ ಜಾತ್ರೆಗೋ ಹೊರಟು ಘಟ್ಟವನ್ನಿಳಿಯುತ್ತಿರುವಾಗ ಐದಾರು ಜೀವಗಳ ಕ್ಷೇಮವು ನಿಂತಿರುವುದು ಈ ನಟ್ಟುಗಳ ಬಿಗಿತದ ಮೇಲೆಯೇ.

ಕಾರು ಕೊಂಡವರಲ್ಲಿ ಅನೇಕರು ಕಾರ್ಖಾನೆಯಿಂದ ಬಂದ ಉಕ್ಕಿನ ಚಕ್ರಗಳನ್ನು ತೆಗೆಸಿ, ಅಂಗಡಿಯಲ್ಲಿ ದೊರೆಯುವ ಅಲ್ಯೂಮಿನಿಯಂ ಮಿಶ್ರಲೋಹದ, ಅಲಾಯ್ ಎಂದು ರೂಢಿಯಾಗಿರುವ ಚಕ್ರಗಳನ್ನು ಹಾಕಿಸುತ್ತಾರೆ. ಇದು ತಪ್ಪೇನಲ್ಲ; ಅಲಂಕಾರಪ್ರಿಯತೆ ಮನುಷ್ಯನಿಗೆ ಸಹಜವಾದುದು. ಆದರೆ ಹಳಗನ್ನಡದಲ್ಲಿ ಪರಚಕ್ರವೆಂದರೆ ಶತ್ರುಸೈನ್ಯವೆಂಬ ಅರ್ಥವುಂಟು. ವಿಚಾರಿಸದೆ ಹಾಕಿಸಿದ ಪರಚಕ್ರವು ಕಾರಿನ ವಿಷಯದಲ್ಲಿಯೂ ಆ ಅರ್ಥವನ್ನೇ ಸಾರ್ಥಕಗೊಳಿಸೀತು. “ನಾಲ್ಕು ತೂತಿನದು, ಕೂಡುತ್ತದೆ” ಎಂಬ ವರ್ತಕನ ಮಾತು ಸಾಲದು. ತೂತುಗಳ ಸಂಖ್ಯೆ ಕೂಡಿದ ಮಾತ್ರಕ್ಕೆ ಚಕ್ರವು ಕೂಡಿತೆಂದು ಭಾವಿಸಲಾಗದು.

ಮೊದಲು ನೋಡಬೇಕಾದುದು ಆ ತೂತುಗಳ ಕೇಂದ್ರಗಳ ಮೂಲಕ ಹಾಯುವ ವೃತ್ತದ ವ್ಯಾಸವನ್ನು. ಅಂಗಡಿಗಳಲ್ಲಿ ಇದಕ್ಕೆ ಪಿ.ಸಿ.ಡಿ. ಎನ್ನುತ್ತಾರೆ. ಭಾರತದಲ್ಲಿ ಮಾರಾಟವಾದ ಮಾರುತಿ ಸ್ವಿಫ್ಟ್ ಕಾರಿಗೆ ಇದು 100 ಮಿಲಿಮೀಟರು. ಫಿಯಟ್ ಪುಂಟೊ ಕಾರಿಗೆ 98. ಎರಡಕ್ಕೂ ತೂತುಗಳು ನಾಲ್ಕೇ. ವ್ಯಾಸದಲ್ಲಿ 2 ಮಿಲಿಮೀಟರು ಅಂತರವೆಂದರೆ ಒಂದೊಂದು ಬೋಲ್ಟಿನ ಪಾಲಿಗೆ ಬರುವುದು ಒಂದೇ ಮಿಲಿಮೀಟರು. ಆದ್ದರಿಂದ 100ರ ಚಕ್ರವನ್ನು ಬಲವಂತದಿಂದ ಪುಂಟೊಗೆ ಏರಿಸಲು ಸಾಧ್ಯ. ಅಪಾಯವಿರುವುದು ಹೀಗೆ ಸಾಧ್ಯವಾಗುವುದರಲ್ಲಿಯೇ. ಬೋಲ್ಟಿನ ತಲೆ ತನ್ನ ಪೀಠದಲ್ಲಿ ಸಮವಾಗಿ ಕೂರದೆ ಒಂದು ಮಗ್ಗುಲಿಗೆ ಒತ್ತುತ್ತದೆ, ಬೋಲ್ಟು ಬಾಗುತ್ತದೆ. ಗ್ಯಾರೇಜಿನಲ್ಲಿ ಬಿಗಿಯಾಗಿ ತೋರಿದ ಚಕ್ರವು ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಸಡಿಲವಾಗತೊಡಗುತ್ತದೆ. ಕೂಡದ ಚಕ್ರ ಒಳ್ಳೆಯದು. ಕೂಡಿದಂತೆ ತೋರುವ ಚಕ್ರವೇ ಕೆಟ್ಟದ್ದು.

ಎರಡನೆಯದು ನಾಭಿಯ ರಂಧ್ರ. ಸ್ವಿಫ್ಟ್‌ನ ಹಬ್ಬಿನ ಏಣು 54.1 ಮಿಲಿಮೀಟರಿನದು. ಹೊರಗಿನ ತಯಾರಕರು ಒಂದೇ ಅಚ್ಚಿನ ಚಕ್ರವನ್ನು ಹಲವು ಕಾರುಗಳಿಗೆ ಮಾರುವ ಉದ್ದೇಶದಿಂದ ರಂಧ್ರವನ್ನು ದೊಡ್ಡದಾಗಿ, ಅನೇಕ ವೇಳೆ 73.1 ಮಿಲಿಮೀಟರಿಗೆ, ಕೊರೆದಿರುತ್ತಾರೆ. ನಡುವೆ ಉಳಿಯುವ ತೆರಪನ್ನು ತಕ್ಕ ಅಳತೆಯ ಬಳೆಯಿಂದ ತುಂಬದಿದ್ದರೆ ಚಕ್ರವು ಕೇಂದ್ರದಿಂದ ಕೂದಲೆಳೆಯಷ್ಟು ಸರಿದು ಕೂರಬಹುದು. ವೇಗ ಹೆಚ್ಚಿದಂತೆ ಸ್ಟಿಯರಿಂಗು ನಡುಗಬಹುದು. ಈ ಬಳೆ ಪ್ಲಾಸ್ಟಿಕ್ಕಿನದಾಗಿದ್ದರೂ ಬಾಧಕವಿಲ್ಲ, ಏಕೆಂದರೆ ಅದರ ಕೆಲಸ ಚಕ್ರವನ್ನು ನಡುವಿಗೆ ತರುವುದು ಮಾತ್ರ, ಭಾರವನ್ನು ಹೊರುವುದಲ್ಲ.

ಹಾಗಾದರೆ ಭಾರವನ್ನು ಹೊರುವುದು ಯಾವುದು? ಬೋಲ್ಟುಗಳೇ ಎಂದು ಬಹುಜನರ ನಂಬಿಕೆ. ವಾಸ್ತವದಲ್ಲಿ ನಟ್ಟು ಬಿಗಿದಾಗ ಬೋಲ್ಟು ಅತಿ ಸೂಕ್ಷ್ಮವಾಗಿ ಹಿಗ್ಗಿ, ಚಕ್ರವನ್ನು ಹಬ್ಬಿಗೆ ಬಲವಾಗಿ ಅದುಮಿ ಹಿಡಿಯುತ್ತದೆ. ಆ ಅದುಮಿನಿಂದ ಎರಡು ಮೈಗಳ ನಡುವೆ ಹುಟ್ಟುವ ಘರ್ಷಣೆಯೇ ಭಾರವನ್ನೂ ಬ್ರೇಕಿನ ಸೆಳೆತವನ್ನೂ ತಾಳಿಕೊಳ್ಳುತ್ತದೆ. ಈ ತತ್ತ್ವವು ಮನಸ್ಸಿಗೆ ಬಂದರೆ ಉಳಿದ ನಿಯಮಗಳಾವುವೂ ಕಂಠಪಾಠ ಮಾಡಬೇಕಾದವುಗಳಲ್ಲ. ಹಬ್ಬಿನ ಮೈಯ ತುಕ್ಕನ್ನೂ ಮಣ್ಣನ್ನೂ ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಇಲ್ಲವಾದರೆ ಅವು ಮುಂದೆ ಪುಡಿಯಾಗಿ ಉದುರಿದಾಗ ಅದುಮು ಕುಗ್ಗುತ್ತದೆ. ಮರೆಗಳಿಗೆ ಎಣ್ಣೆ ಹಚ್ಚಬಾರದು. ಹಚ್ಚಿದರೆ ಅಷ್ಟೇ ತಿರುಚಿಗೆ ಬೋಲ್ಟು ಮಿತಿಮೀರಿ ಹಿಗ್ಗುತ್ತದೆ.

ನಟ್ಟಿನ ಪೀಠದ ಆಕಾರವು ಅಂಗಡಿಗಳಲ್ಲಿ ತೀರ ಉಪೇಕ್ಷೆಗೆ ಗುರಿಯಾದ ವಿಷಯ. ಹೊರಗಿನ ಚಕ್ರಗಳಲ್ಲಿ ಬಹುಪಾಲಿಗೆ 60 ಅಂಶದ ಶಂಕುವಿನಾಕಾರದ ಪೀಠವಿರುತ್ತದೆ. ಆದರೆ ಹೋಂಡಾ ಮತ್ತು ಫೋಕ್ಸ್‌ವ್ಯಾಗನ್ ಕಾರುಗಳ ಮೂಲ ಚಕ್ರಗಳ ಪೀಠ ಗೋಲಾಕಾರದ್ದು. ಟೊಯೊಟಾದ ಮೂಲ ಅಲಾಯ್ ಚಕ್ರಗಳಲ್ಲಿ ಅನೇಕವು ಚಪ್ಪಟೆ ವಾಷರಿನ ನಟ್ಟನ್ನು ಬೇಡುತ್ತವೆ. ಹಳೆಯ ಗೋಲದ ನಟ್ಟನ್ನು ಹೊಸ ಶಂಕುವಿನ ಪೀಠದಲ್ಲಿ ಬಿಗಿದರೆ ಅವೆರಡೂ ಒಂದನ್ನೊಂದು ತಾಗುವುದು ಗೆರೆಯಷ್ಟು ಸ್ಥಳದಲ್ಲಿ ಮಾತ್ರ. ಆದಕಾರಣ ಚಕ್ರದೊಡನೆ ಅದಕ್ಕೊಪ್ಪುವ ನಟ್ಟುಗಳನ್ನೂ ಕೊಳ್ಳಬೇಕು. ನಟ್ಟು ಎಷ್ಟು ಸುತ್ತು ಒಳಸೇರಿತೆಂಬುದನ್ನು ಕೈಯಿಂದಲೇ ಎಣಿಸಬಹುದು. 12 ಮಿಲಿಮೀಟರು ದಪ್ಪದ ಬೋಲ್ಟಿನಲ್ಲಿ ಮರೆಗಳ ಅಂತರ 1.5 ಇದ್ದರೆ ಎಂಟು ಸುತ್ತು, 1.25 ಇದ್ದರೆ ಒಂಬತ್ತು ಹತ್ತು ಸುತ್ತುಗಳಾದರೂ ಹಿಡಿಯಬೇಕು.

ಇನ್ನು ಅಗಲ ಮತ್ತು ಆಫ್‌ಸೆಟ್. ಚಕ್ರದ ನಡುಗೆರೆಗೂ ಹಬ್ಬಿಗೆ ತಾಗುವ ಮೈಗೂ ಇರುವ ಅಂತರವೇ ಆಫ್‌ಸೆಟ್. ಚಕ್ರದ ಮೇಲೆ ಇ.ಟಿ. ಎಂದು ಕೆತ್ತಿರುವ ಅಕ್ಷರಗಳು ಜರ್ಮನ್ ಪದವೊಂದರ ಸಂಕ್ಷೇಪ. 5.5 ಇಂಚು ಅಗಲದ, 50 ಆಫ್‌ಸೆಟ್ಟಿನ ಚಕ್ರವನ್ನು ತೆಗೆದು 6.5 ಇಂಚಿನ, 38 ಆಫ್‌ಸೆಟ್ಟಿನದನ್ನು ಹಾಕಿದರೆ ಹೊರಅಂಚು ಸುಮಾರು 25 ಮಿಲಿಮೀಟರು ಹೊರಚಾಚುತ್ತದೆ. ಕಾರು ಖಾಲಿಯಿದ್ದಾಗ ದೋಷವೇನೂ ಕಾಣದು. ಹಿಂದಿನ ಸೀಟಿನಲ್ಲಿ ಮೂವರು ಕುಳಿತು ಹಳ್ಳವೊಂದಕ್ಕೆ ಇಳಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಬೇರಿಂಗಿನ ಮೇಲಿನ ಒತ್ತಡವೂ ಏರುತ್ತದೆ. ಆದುದರಿಂದ ಪರೀಕ್ಷೆಯನ್ನು ತುಂಬಿದ ಕಾರಿನಲ್ಲಿ, ಸ್ಟಿಯರಿಂಗನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ ಮಾಡುವುದೇ ಯುಕ್ತ.

ಟೈರಿನ ಒಟ್ಟು ವ್ಯಾಸವು ಬದಲಾಗಕೂಡದು. 185/65 ಆರ್ 15 ಟೈರಿನ ವ್ಯಾಸ 621.5 ಮಿಲಿಮೀಟರು, 195/55 ಆರ್ 16ರದು 620.9. ಇವೆರಡೂ ಸಮಾನವೆಂದೇ ಹೇಳಬಹುದು. ಆದರೆ 205/60 ಆರ್ 16 ಹಾಕಿದರೆ ವ್ಯಾಸ 652.4 ಆಗಿ, ಮಾಪಕವು 80 ತೋರಿಸುವಾಗ ಕಾರು ಮೊದಲಿಗಿಂತ ಗಂಟೆಗೆ 4 ಕಿಲೋಮೀಟರಿನಷ್ಟು ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಸರಿಯಾದ 16 ಇಂಚಿನದನ್ನೇ ಆರಿಸಿದರೂ ಟೈರಿನ ಗೋಡೆಯ ಎತ್ತರ 120ರಿಂದ 107 ಮಿಲಿಮೀಟರಿಗೆ ಇಳಿಯುವುದುಂಟು. ಗುಂಡಿಯ ಏಟನ್ನು ನುಂಗುತ್ತಿದ್ದ ಆ 13 ಮಿಲಿಮೀಟರು ರಬ್ಬರಿನ ಬೆಲೆ ಹಳ್ಳಿಯ ರಸ್ತೆಯಲ್ಲಿ ತಿಳಿಯುತ್ತದೆ. ಉಕ್ಕಿನ ಚಕ್ರ ಇಂತಹ ಏಟಿಗೆ ಸಾಮಾನ್ಯವಾಗಿ ಬಾಗುತ್ತದೆ. ಎರಕದ ಮಿಶ್ರಲೋಹ ಸೀಳಬಹುದು.

ಭಾರಸಾಮರ್ಥ್ಯವನ್ನೂ ಓದಿಕೊಳ್ಳಬೇಕು. ಟೈರಿನ ಮೇಲಿನ 88 ಎಂಬ ಅಂಕಿಯ ಅರ್ಥ 560 ಕಿಲೋಗ್ರಾಂ. 84 ಎಂದರೆ 500. ಮೂಲ ಟೈರಿಗಿಂತ ಕಡಿಮೆಯ ಅಂಕಿಯನ್ನು ಒಪ್ಪಬಾರದು. ಚಕ್ರದ ಹಿಂಬದಿಯಲ್ಲಿ ಅದರ ಗರಿಷ್ಠ ಭಾರವನ್ನು ಎರಕದಲ್ಲೇ ಮೂಡಿಸಿರುವುದುಂಟು. ಭಾರತೀಯ ಮಾನಕದ ಐ.ಎಸ್.ಐ. ಗುರುತು ಅಥವಾ ಜಪಾನಿನ ಜೆ.ಡಬ್ಲ್ಯೂ.ಎಲ್. ಗುರುತು ಚಕ್ರವು ನಿಯತ ಪರೀಕ್ಷೆಗಳಿಗೆ ಒಳಪಟ್ಟುದನ್ನು ಸೂಚಿಸುತ್ತದೆ. ಯಾವ ಗುರುತೂ ಇಲ್ಲದ ಅಗ್ಗದ ಚಕ್ರವನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಲೇಸು. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅದಕ್ಕೆ ಆಧಾರ.

ಬಿಗಿಯುವ ಕ್ರಮವು ಹೀಗೆ: ನಟ್ಟುಗಳನ್ನು ಮೊದಲು ಕೈಯಿಂದಲೇ ತಿರುವಿ, ಬಳಿಕ ಒಂದಕ್ಕೆದುರಾಗಿ ಒಂದನ್ನು ಸ್ವಲ್ಪ ಸ್ವಲ್ಪವೇ ಬಿಗಿದು, ಜ್ಯಾಕು ಇಳಿಸಿದ ಮೇಲೆ ಟಾರ್ಕ್ ರೆಂಚಿನಿಂದ ಮುಗಿಸಬೇಕು. ಅಳತೆ ಕಾರಿನ ಕೈಪಿಡಿಯಲ್ಲಿದೆ. ಫೋಕ್ಸ್‌ವ್ಯಾಗನ್ ಕಾರುಗಳಿಗೆ ಸಾಮಾನ್ಯವಾಗಿ 120 ನ್ಯೂಟನ್ ಮೀಟರು, ಜಪಾನೀ ಮೂಲದ ಸಣ್ಣ ಕಾರುಗಳಿಗೆ ಅದಕ್ಕಿಂತ ಕಡಿಮೆ. ಗಾಳಿಯ ಯಂತ್ರದಿಂದ ‘ಟರ್ರ್’ ಎಂದು ಬಿಗಿದು ಕಳುಹಿಸುವ ಆತುರಗಾರರಿಂದ ದೂರವಿರತಕ್ಕದ್ದು. 50ರಿಂದ 100 ಕಿಲೋಮೀಟರು ಓಡಿದ ಮೇಲೆ ಚಕ್ರ ತಣ್ಣಗಿರುವಾಗ ಮತ್ತೊಮ್ಮೆ ಅದೇ ರೆಂಚಿನಿಂದ ನೋಡಬೇಕು.

ಕೊನೆಗೆ ಸ್ಟೆಪ್ನಿಯ ಮಾತು. ನಾಲ್ಕು ಚಕ್ರಗಳು ಬದಲಾದರೂ ಡಿಕ್ಕಿಯಲ್ಲಿರುವುದು ಬಹುಮಟ್ಟಿಗೆ ಹಳೆಯ ಉಕ್ಕಿನದೇ. ದಪ್ಪ ಅಲಾಯ್ ಚಕ್ರಕ್ಕೆಂದು ತಂದ ಉದ್ದದ ಬೋಲ್ಟು ತೆಳುವಾದ ಉಕ್ಕಿನ ಚಕ್ರವನ್ನು ದಾಟಿ ಒಳಗಿನ ಬ್ರೇಕಿನ ಭಾಗಗಳಿಗೆ ತಾಗಬಹುದು. ಆದುದರಿಂದ ಬಿಚ್ಚಿದ ಹಳೆಯ ನಟ್ಟುಬೋಲ್ಟುಗಳನ್ನು ಗುಜರಿಗೆ ಕೊಡದೆ, ಬಟ್ಟೆಯ ಚೀಲವೊಂದರಲ್ಲಿ ಕಟ್ಟಿ, ಸ್ಟೆಪ್ನಿಯ ಬಗಲಲ್ಲಿಯೇ ಇಟ್ಟಿರಬೇಕು.